ತೆರೆಯ ಹಿಂದಿನ ಸಹಾಯಕಿ

1979ರ ಮಾರ್ಚ್ ತಿಂಗಳ ಒಂದು ಸಂಜೆ. ಅಮೆರಿಕದ ಚಿತ್ರರಂಗದ ಗಣ್ಯರು ಬೆವರ್ಲಿ ಹಿಲ್ಸ್‌ನಲ್ಲಿ ನೆರೆದಿದ್ದರು. ಅಂದು ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ ತನ್ನ ಜೀವಮಾನ ಸಾಧನೆಯ ಪ್ರಶಸ್ತಿಯನ್ನು ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ಅವರಿಗೆ ನೀಡಿತು. 79 ವರ್ಷದ ಆ ವೃದ್ಧರು ತಾವು ಕೇವಲ ನಾಲ್ವರನ್ನು ಹೆಸರಿಸಿ ಕೃತಜ್ಞತೆ ಹೇಳುವುದಾಗಿ ತಿಳಿಸಿದರು. ಮೊದಲನೆಯವರು ಚಿತ್ರ ಸಂಕಲನಕಾರರು, ಎರಡನೆಯವರು ಚಿತ್ರಕಥೆ ಬರೆದವರು, ಮೂರನೆಯವರು ತಮ್ಮ ಮಗಳ ತಾಯಿ, ನಾಲ್ಕನೆಯವರು ಅಡುಗೆಯಲ್ಲಿ ಎತ್ತಿದ ಕೈ. ಆಮೇಲೆ ಹೇಳಿದರು: ಆ ನಾಲ್ವರ ಹೆಸರೂ ಅಲ್ಮಾ ರೆವಿಲ್ ಎಂದೇ. ಆಕೆ ಅವರ ಧರ್ಮಪತ್ನಿ.

ಪ್ರಿಯ ಓದುಗರೇ, ಹಿಚ್‌ಕಾಕ್ ಹೆಸರನ್ನು ನಿಮ್ಮಲ್ಲಿ ಅನೇಕರು ಕೇಳಿರಬಹುದು. ಅಲ್ಮಾ ಹೆಸರನ್ನು ಕೇಳಿದವರು ಕಡಿಮೆ. ಆದರೆ ಈ ವೃತ್ತಿಗೆ ಮೊದಲು ಕಾಲಿಟ್ಟವರು ಆಕೆಯೇ. ಇಬ್ಬರೂ 1899ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವರು. ಆತ 13ರಂದು, ಆಕೆ 14ರಂದು. ಅಲ್ಮಾ ಹದಿಹರೆಯದಲ್ಲೇ ಟ್ವಿಕನ್‌ಹ್ಯಾಮ್ ಸ್ಟುಡಿಯೋದಲ್ಲಿ ಫಿಲ್ಮ್ ಕತ್ತರಿಸಿ ಜೋಡಿಸುವ ಕೆಲಸಕ್ಕೆ ಸೇರಿದರು. ಲಂಡನ್ನಿನ ಯೇಸುಸಭೆಯ ಶಾಲೆಯಲ್ಲಿ ಓದಿದ ಹಿಚ್‌ಕಾಕ್, ಮೂಕಿ ಚಿತ್ರಗಳಿಗೆ ಅಕ್ಷರಫಲಕ ಬರೆಯುವವರಾಗಿ ಇಸ್ಲಿಂಗ್‌ಟನ್ ಸ್ಟುಡಿಯೋಗೆ ಬಂದಾಗ ಅಲ್ಮಾ ಆಗಲೇ ಅನುಭವಿ ಸಂಕಲನಕಾರ್ತಿ. ಹೆಣ್ಣೊಬ್ಬಳು ತನಗಿಂತ ಮೇಲಿನ ಕೆಲಸದಲ್ಲಿದ್ದಾಳೆ ಎಂಬ ಸಂಕೋಚದಿಂದ, ತನಗೆ ದೊಡ್ಡ ಹುದ್ದೆ ಸಿಗುವವರೆಗೂ ಆಕೆಯನ್ನು ಮಾತನಾಡಿಸಲಿಲ್ಲವೆಂದು ಮುಂದೆ ಹಿಚ್‌ಕಾಕ್ ತಾವೇ ಒಪ್ಪಿಕೊಂಡರು. ಈ ಗಂಡು ಹಮ್ಮು ನಮಗೂ ಪರಿಚಿತವಲ್ಲವೇ?

1925ರಲ್ಲಿ ಚಿತ್ರೀಕರಿಸಿದ 'ದ ಪ್ಲೆಷರ್ ಗಾರ್ಡನ್' ನಿರ್ದೇಶಕರಾಗಿ ಅವರು ಪೂರ್ಣಗೊಳಿಸಿದ ಮೊದಲ ಚಿತ್ರ. ಅಲ್ಮಾ ಸಹಾಯಕ ನಿರ್ದೇಶಕಿ. ಪ್ರತಿ ದೃಶ್ಯ ತೆಗೆದ ಮೇಲೆ ಆತ ಆಕೆಯತ್ತ ತಿರುಗಿ, ಸರಿಯಾಯಿತೇ ಎಂದು ಕೇಳುತ್ತಿದ್ದರಂತೆ. ಆಗ ಆರಂಭವಾದ ಆ ಪ್ರಶ್ನೆ ಅರ್ಧ ಶತಮಾನ ನಿಲ್ಲಲಿಲ್ಲ. 1926ರ ಡಿಸೆಂಬರ್ 2ರಂದು ಲಂಡನ್ನಿನ ಬ್ರಾಂಪ್ಟನ್ ಆರೇಟರಿ ದೇವಾಲಯದಲ್ಲಿ ಅವರ ವಿವಾಹವಾಯಿತು. ಪ್ರೊಟೆಸ್ಟೆಂಟ್ ಮನೆತನದ ಅಲ್ಮಾ ಕಥೋಲಿಕ ವಿಶ್ವಾಸವನ್ನು ಸ್ವೀಕರಿಸಿದರು. 1928ರಲ್ಲಿ ಮಗಳು ಪೆಟ್ರೀಷಿಯಾ ಹುಟ್ಟಿದಳು. 1939ರಲ್ಲಿ ಕುಟುಂಬ ಅಮೆರಿಕಕ್ಕೆ ತೆರಳಿತು.

'ಸಸ್ಪಿಷನ್' (1941), 'ಶ್ಯಾಡೋ ಆಫ್ ಎ ಡೌಟ್' (1943) ಚಿತ್ರಗಳ ಬರಹಗಾರರಲ್ಲಿ ಅಲ್ಮಾ ಹೆಸರಿದೆ. 1950ರ 'ಸ್ಟೇಜ್ ಫ್ರೈಟ್' ನಂತರ ಆಕೆಯ ಹೆಸರು ತೆರೆಯ ಮೇಲೆ ಕಾಣದಾಯಿತು. ಆದರೆ ಕೆಲಸ ನಿಲ್ಲಲಿಲ್ಲ. 1960ರ 'ಸೈಕೋ' ಚಿತ್ರ ಸಿದ್ಧವಾದಾಗ ಎಲ್ಲರೂ ನೋಡಿ ಒಪ್ಪಿಯಾಗಿತ್ತು. ಕೊಲೆಯಾಗಿ ಬಿದ್ದ ಪಾತ್ರಧಾರಿಯಲ್ಲಿ ಒಂದು ಕ್ಷಣ ಜೀವದ ಚಲನೆ ಕಾಣುತ್ತಿದೆ ಎಂದು ಗುರುತಿಸಿದವರು ಅಲ್ಮಾ ಒಬ್ಬರೇ. ಜಗತ್ತೇ ಹೊಗಳುವ ನಿರ್ದೇಶಕ ಹೆಂಡತಿಯ ಮಾತು ಕೇಳಿ ಆ ತಪ್ಪನ್ನು ತಿದ್ದಿದರು. ತಪ್ಪು ತೋರಿಸುವುದೂ ಪ್ರೀತಿ. ತೋರಿಸಿದ್ದನ್ನು ಒಪ್ಪಿಕೊಳ್ಳುವುದೂ ಪ್ರೀತಿ.

ಪವಿತ್ರ ಗ್ರಂಥದ ಆದಿಕಾಂಡವು ಸ್ತ್ರೀಯನ್ನು ಪುರುಷನ ಸಹಾಯಕಿಯೆಂದು ಕರೆಯುತ್ತದೆ. ಸಹಾಯಕಿ ಎಂದೊಡನೆ ಕೆಳದರ್ಜೆಯವಳು ಎಂದು ನಾವು ತಿಳಿದುಬಿಡುತ್ತೇವೆ. ಹೀಬ್ರೂ ಮೂಲದಲ್ಲಿರುವ ಪದ 'ಏಜೆರ್'. ಹಳೆಯ ಒಡಂಬಡಿಕೆಯಲ್ಲಿ ಈ ಪದ ಬರುವ ಹೆಚ್ಚಿನ ಕಡೆಗಳಲ್ಲಿ ಅದು ಸೂಚಿಸುವುದು ಸಾಕ್ಷಾತ್ ದೇವರನ್ನೇ. ದೇವರು ಇಸ್ರಯೇಲಿಗೆ ಸಹಾಯಕ ಎಂದಾಗ, ದೇವರು ಇಸ್ರಯೇಲಿನ ಕೈಯಾಳು ಎಂದು ಯಾರೂ ಅರ್ಥಮಾಡುವುದಿಲ್ಲ. ಹಾಗಾದರೆ ಹೆಂಡತಿಯ ವಿಷಯದಲ್ಲಿ ಮಾತ್ರ ಏಕೆ ಆ ಅರ್ಥ?

ಇಷ್ಟು ಹೇಳಿದ ಮಾತ್ರಕ್ಕೆ ಹಿಚ್‌ಕಾಕ್ ಅವರನ್ನು ಸಂತರನ್ನಾಗಿ ಮಾಡಬೇಕಾಗಿಲ್ಲ. 'ದ ಬರ್ಡ್ಸ್' (1963) ಮತ್ತು 'ಮಾರ್ನಿ' (1964) ಚಿತ್ರಗಳ ನಾಯಕಿ ಟಿಪ್ಪಿ ಹೆಡ್ರೆನ್, ಆತ ತಮ್ಮನ್ನು ಲೈಂಗಿಕವಾಗಿ ಪೀಡಿಸಿದರೆಂದು 2016ರ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅದನ್ನು ಮುಚ್ಚಿಟ್ಟು ದಾಂಪತ್ಯದ ಪಾಠ ಹೇಳುವುದು ಪ್ರಾಮಾಣಿಕವಲ್ಲ. ಮನೆಯ ಹೆಣ್ಣಿಗೆ ಸಲ್ಲುವ ಗೌರವ ಕೆಲಸದ ಜಾಗದ ಹೆಣ್ಣಿಗೂ ಸಲ್ಲಲೇಬೇಕು. ಒಂದೆಡೆಯ ಕೃತಜ್ಞತೆ ಇನ್ನೊಂದೆಡೆಯ ಅನ್ಯಾಯಕ್ಕೆ ಪ್ರಾಯಶ್ಚಿತ್ತವಾಗಲಾರದು.

ಬಾಳಿನ ಸಂಜೆಯಲ್ಲಿ ಯೇಸುಸಭೆಯ ಗುರುಗಳು ಅವರ ಮನೆಗೆ ಬಂದು ದಿವ್ಯ ಬಲಿಪೂಜೆ ಅರ್ಪಿಸುತ್ತಿದ್ದರು. ಪ್ರಶಸ್ತಿಯ ಆ ಸಂಜೆಗೆ ಒಂದು ವರ್ಷ ಕಳೆದು, 1980ರ ಏಪ್ರಿಲ್ 29ರಂದು ಹಿಚ್‌ಕಾಕ್ ತೀರಿಕೊಂಡರು. ಅಲ್ಮಾ 1982ರಲ್ಲಿ ನಿಧನರಾದರು. ಕೃತಜ್ಞತೆಯ ಆ ಮಾತು ತಡವಾಗಿ ಬಂದಿತೆನ್ನಬಹುದು. ಆದರೂ ಬಂದಿತು, ಸಭೆಯ ನಡುವೆ, ಆಕೆಯ ಕಿವಿಗೆ ಬೀಳುವಂತೆ ಬಂದಿತು.

ಧರ್ಮಕೇಂದ್ರದ ಕುಟುಂಬ ಪತ್ರಿಕೆ ತುಂಬಲು ಮನೆಗಳಿಗೆ ಹೋದಾಗ, "ನಿಮ್ಮ ಮನೆಯವರು ಏನು ಮಾಡುತ್ತಾರೆ?" ಎಂದು ಕೇಳುತ್ತೇನೆ. "ಏನೂ ಇಲ್ಲ ಫಾದರ್, ಮನೆಯಲ್ಲೇ ಇದ್ದಾಳೆ" ಎಂಬ ಉತ್ತರ ಎಷ್ಟೋ ಬಾರಿ ಬರುತ್ತದೆ. ಆಗ ಬಾಗಿಲ ಮರೆಯಲ್ಲಿ ಕಾಫಿ ಲೋಟ ಹಿಡಿದು ನಿಂತ ತಾಯಿ ತಲೆ ತಗ್ಗಿಸುತ್ತಾರೆ. ಕೊಟ್ಟಿಗೆ, ಮಕ್ಕಳ ಪಾಠ, ಸಂಘದ ಕಂತು, ಅತ್ತೆಯ ಔಷಧಿ, ರಾತ್ರಿಯ ಜಪಸರ ಇವೆಲ್ಲ 'ಏನೂ ಇಲ್ಲ' ಎಂಬ ಎರಡು ಪದಗಳಲ್ಲಿ ಮುಳುಗಿಹೋಗುತ್ತವೆ.

ಸತ್ತ ಮೇಲೆ ಸಮಾಧಿಯ ಕಲ್ಲಿನ ಮೇಲೆ ಕೆತ್ತಿಸುವ ಹೊಗಳಿಕೆಗಿಂತ, ಬದುಕಿರುವಾಗ ಊಟದ ಮುಂದೆ ಹೇಳುವ ಒಂದು ಮಾತು ದೊಡ್ಡದು.

ಚಿಂತನೆಗೆ:
1. ನನ್ನ ಸಂಗಾತಿ ಮಾಡುವ ನಾಲ್ಕು ಕೆಲಸಗಳನ್ನು ಹೆಸರಿಸಬಲ್ಲೆನೇ?
2. ಸಂಗಾತಿ ನನ್ನ ತಪ್ಪು ತೋರಿಸಿದಾಗ ಕೇಳುತ್ತೇನೆಯೇ, ಸಿಡುಕುತ್ತೇನೆಯೇ?
3. ಮಕ್ಕಳ ಮುಂದೆ ಕೊನೆಯ ಬಾರಿ ಸಂಗಾತಿಗೆ ಕೃತಜ್ಞತೆ ಹೇಳಿದ್ದು ಯಾವಾಗ?