ಪ್ರಾಯದ ನಾಯಿಗೆ ಸಂಧಿವಾತ: ಗುರುತಿಸುವ ಬಗೆ ಮತ್ತು ಆರೈಕೆ

ಭಾಗಮಂಡಲದ ಸುತ್ತಿನ ಕಾಫಿ, ಏಲಕ್ಕಿ ತೋಟಗಳಲ್ಲಿ ನಾಯಿಯಿಲ್ಲದ ಮನೆ ವಿರಳ. ರಾತ್ರಿ ಗದ್ದೆಗೆ ಹಂದಿ ನುಗ್ಗಿದ್ದನ್ನು ಮೊದಲು ತಿಳಿಸುವುದು ಅದೇ. ಅಂಥ ನಾಯಿ ಎರಡು ಮೂರು ವರ್ಷದ ಪ್ರಾಯದಲ್ಲೇ ಬೆಳಿಗ್ಗೆ ಎದ್ದೊಡನೆ ಕುಂಟತೊಡಗಿದರೆ, ಎಲ್ಲೋ ಉಳುಕಿರಬೇಕೆಂದು ಸುಮ್ಮನಾಗುವವರೇ ಹೆಚ್ಚು. ನಾಲ್ಕು ಹೆಜ್ಜೆ ನಡೆದಾಡಿದ ಮೇಲೆ ಕುಂಟು ಕಾಣದಂತಾಗುವುದರಿಂದ ಈ ನಂಬಿಕೆ ಇನ್ನಷ್ಟು ಗಟ್ಟಿಯಾಗುತ್ತದೆ. ಆದರೆ ಸಂಧಿವಾತ ಮುದಿ ನಾಯಿಗಳಿಗೆ ಮಾತ್ರ ಬರುವ ಬೇನೆಯಲ್ಲ. ಮಲಗಿ ಎದ್ದಾಗ ಬಿಗಿತ, ನಡೆದಂತೆ ಸಡಿಲ, ಹೆಚ್ಚು ಓಡಿದ ಮಾರನೆಯ ದಿನ ಮತ್ತೆ ಬಿಗಿತ; ಇದು ಎರಡು ವಾರಕ್ಕೂ ಮೀರಿ ನಡೆದರೆ ಕೀಲಿನಲ್ಲೇ ದೋಷವಿದೆಯೆಂದು ಶಂಕಿಸಬೇಕು.

ಚುರುಕಾದ ನಾಯಿ ನೋವನ್ನು ಲೆಕ್ಕಿಸದೆ ಓಡುತ್ತದೆ. ಜೀಪಿನ ಸದ್ದು ಕೇಳಿದರೆ ಸಾಕು, ಇಳಿಜಾರಿನಲ್ಲಿ ಧಾವಿಸುತ್ತದೆ. ಓಡುತ್ತಿದೆಯೆಂದ ಮಾತ್ರಕ್ಕೆ ನೋವಿಲ್ಲವೆಂದು ತಿಳಿಯಬಾರದು. ಯಾವ ಕಾಲೆಂದು ಗುರುತಿಸಲು ಸಮತಟ್ಟಾದ ಕಣದಲ್ಲಿ ನಿಧಾನವಾಗಿ ನಡೆಸಿ ನೋಡಬೇಕು. ಮುಂಗಾಲಿನಲ್ಲಿ ನೋವಿದ್ದರೆ ಆ ಕಾಲು ನೆಲಕ್ಕೆ ತಗುಲಿದಾಗ ತಲೆಯನ್ನು ಮೇಲೆತ್ತುತ್ತದೆ. ಒಳ್ಳೆಯ ಕಾಲನ್ನು ಊರಿದಾಗ ತಲೆ ತಗ್ಗಿಸುತ್ತದೆ. ಸೊಂಟದ ಕೀಲುಗಳಲ್ಲಿ ದೋಷವಿದ್ದರೆ ಮೊಲದಂತೆ ಎರಡೂ ಹಿಂಗಾಲುಗಳನ್ನು ಒಟ್ಟಿಗೆ ಎತ್ತಿ ಹಾಕುವುದುಂಟು.

ಕಾರಣಗಳು

ಅಲ್ಸೇಷಿಯನ್, ಲ್ಯಾಬ್ರಡಾರ್, ರಾಟ್‌ವೈಲರ್ ಮೊದಲಾದ ದೊಡ್ಡ ತಳಿಗಳಲ್ಲಿ ತೊಡೆಮೂಳೆಯ ಗುಂಡು ಸೊಂಟದ ಬಟ್ಟಲಿನಲ್ಲಿ ಸರಿಯಾಗಿ ಕೂರದಿರುವುದು ವಂಶದಿಂದ ಬರುವ ದೋಷ. ಸಡಿಲವಾದ ಕೀಲು ಸವೆದು, ಎಳೆಯ ಪ್ರಾಯದಲ್ಲೇ ಸಂಧಿವಾತಕ್ಕೆ ತಿರುಗುತ್ತದೆ. ಮರಿಯ ಮೂಳೆ ಗಟ್ಟಿಯಾಗಲೆಂದು ಕ್ಯಾಲ್ಸಿಯಂ ಟಾನಿಕ್ ಕುಡಿಸುವ ರೂಢಿ ಎಲ್ಲೆಡೆಯೂ ಇದೆ. ಸಮತೋಲದ ಆಹಾರ ತಿನ್ನುವ ದೊಡ್ಡ ತಳಿಯ ಮರಿಗೆ ಈ ಹೆಚ್ಚಿನ ಕ್ಯಾಲ್ಸಿಯಂ ಮೂಳೆಯ ಬೆಳವಣಿಗೆಯನ್ನು ಕೆಡಿಸುತ್ತದೆಯೇ ಹೊರತು ಬಲ ಕೊಡುವುದಿಲ್ಲ. ಓಟದ ನಡುವೆ ಥಟ್ಟನೆ ತಿರುಗಿದಾಗ ಹಿಂಗಾಲಿನ ಮಂಡಿಯೊಳಗಿನ ಅಸ್ಥಿರಜ್ಜು ಹರಿಯುವುದು ಇನ್ನೊಂದು ಕಾರಣ. ಇದಕ್ಕೆ ಹಲವು ವೇಳೆ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ.

ತೋಟದ ನಾಯಿಯ ವಿಷಯದಲ್ಲಿ ಮರೆಯಲೇಬಾರದ ಕಾರಣ ಉಣ್ಣೆ. ಮಳೆಗಾಲದಲ್ಲಿ ಕಾಲಿಗೆ ಹತ್ತುವ ಜಿಗಣೆಯನ್ನು ಕಂಡು ಗಾಬರಿಯಾಗುವವರು ಕಿವಿಯ ಸಂದಿನಲ್ಲಿ, ಬೆರಳುಗಳ ನಡುವೆ ಅಡಗಿದ ಉಣ್ಣೆಯನ್ನು ನೋಡುವುದೇ ಇಲ್ಲ. ನಾಯಿಯ ಕಂದು ಉಣ್ಣೆ ಎರ್ಲಿಕಿಯಾ ಎಂಬ ಸೂಕ್ಷ್ಮಜೀವಿಯನ್ನು ರಕ್ತಕ್ಕೆ ಸೇರಿಸುತ್ತದೆ. ಆಗ ಜ್ವರ, ಮೇವಿನಲ್ಲಿ ನಿರಾಸಕ್ತಿ, ಬಿಳಿಚಿದ ವಸಡು, ಕೆಲವೊಮ್ಮೆ ಮೂಗಿನಿಂದ ರಕ್ತ ಕಾಣಿಸಿಕೊಳ್ಳುತ್ತವೆ, ಕೀಲುಗಳೂ ಊದಿಕೊಳ್ಳಬಹುದು. ಇಂದು ಒಂದು ಕಾಲು, ನಾಳೆ ಇನ್ನೊಂದು ಕಾಲು ಕುಂಟಿದರೆ ಉಳುಕೆನ್ನದೆ ರಕ್ತಪರೀಕ್ಷೆ ಮಾಡಿಸಬೇಕು. ಪಶುವೈದ್ಯರು ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಔಷಧವನ್ನು ಸುಮಾರು ನಾಲ್ಕು ವಾರ ಕೊಡಲು ಹೇಳುತ್ತಾರೆ. ಮೂರನೆಯ ದಿನವೇ ನಾಯಿ ಚೇತರಿಸಿಕೊಂಡಂತೆ ಕಂಡರೂ ಔಷಧ ನಿಲ್ಲಿಸಬಾರದು. ಉಣ್ಣೆಯಿಂದ ಬಂದ ಕೀಲುನೋವು ಚಿಕಿತ್ಸೆಗೆ ಚೆನ್ನಾಗಿ ಒಗ್ಗುವಂಥದ್ದು. ಸವೆದ ಕೀಲು ಮಾತ್ರ ಹಿಂದಿನಂತಾಗುವುದಿಲ್ಲ. ಆದ್ದರಿಂದಲೇ ಮೊದಲು ಕಾರಣ ತಿಳಿಯುವುದು ಮುಖ್ಯ. ಎಕ್ಸ್‌ರೇ ಬೇಕಾದರೆ ಹೋಗಬೇಕಾದ ಸ್ಥಳವನ್ನು ಸ್ಥಳೀಯ ಪಶು ಆಸ್ಪತ್ರೆಯಲ್ಲಿ ವಿಚಾರಿಸಬಹುದು.

ಮನೆಯ ಮಾತ್ರೆ ಬೇಡ

ಮನೆಯವರ ಮೈಕೈ ನೋವಿಗೆ ತಂದಿಟ್ಟ ಮಾತ್ರೆಯಲ್ಲಿ ಅರ್ಧವನ್ನು ಅನ್ನದಲ್ಲಿ ಕಲಸಿ ಹಾಕುವುದು ಕುಂಟಿಗಿಂತ ದೊಡ್ಡ ಅಪಾಯ. ಐಬುಪ್ರೊಫೆನ್, ಡೈಕ್ಲೊಫಿನಾಕ್ ನಾಯಿಯ ಜಠರದಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡವನ್ನು ಕೆಡಿಸುತ್ತವೆ. ಪ್ಯಾರಾಸಿಟಮಾಲ್ ಪ್ರಮಾಣ ಮೀರಿದರೆ ಯಕೃತ್ತಿಗೆ ವಿಷ. ಪಶುಗಳಿಗೆ ಡೈಕ್ಲೊಫಿನಾಕ್ ಬಳಕೆಯನ್ನು ಭಾರತದಲ್ಲಿ 2006ರಲ್ಲೇ ನಿಷೇಧಿಸಲಾಗಿದೆ. ಔಷಧ ಪಡೆದ ದನಗಳ ಹೆಣ ತಿಂದ ರಣಹದ್ದುಗಳು ಸತ್ತದ್ದು ಅದಕ್ಕೆ ಕಾರಣ.

ನಾಯಿಗೆ ಸಲ್ಲುವ ಮೆಲಾಕ್ಸಿಕಾಂ, ಕಾರ್‌ಪ್ರೊಫೆನ್‌ಗಳನ್ನೂ ತೂಕ ನೋಡಿ ಪಶುವೈದ್ಯರೇ ಗೊತ್ತುಪಡಿಸಬೇಕು. ಸ್ಟೀರಾಯ್ಡ್ ಜೊತೆಗೆ ಇವನ್ನು ಕೊಡಬಾರದು. ವಾಂತಿ, ಕಪ್ಪು ಮಲ ಕಂಡರೆ ಔಷಧ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಗ್ಲೂಕೋಸಮೈನ್ ಪುಡಿಗಳಿಗೆ ತೆರುವ ಬೆಲೆಗೆ ತಕ್ಕ ಪುರಾವೆಯಿಲ್ಲ. ಮೀನೆಣ್ಣೆಗೆ ಅದಕ್ಕಿಂತ ಉತ್ತಮ ಆಧಾರವಿದೆ.

ತೂಕ ಮತ್ತು ನಡಿಗೆ

ಅಮೆರಿಕದಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಶೇಕಡಾ 25ರಷ್ಟು ಕಡಿಮೆ ಆಹಾರ ಕೊಟ್ಟು ಜೀವಮಾನವಿಡೀ ನೋಡಲಾಯಿತು. 2002ರಲ್ಲಿ ಪ್ರಕಟವಾದ ಫಲಿತಾಂಶದಂತೆ ಕಡಿಮೆ ತಿಂದವು ಸುಮಾರು 13 ವರ್ಷ, ಉಳಿದವು ಸುಮಾರು 11 ವರ್ಷ ಬಾಳಿದವು. ಸಂಧಿವಾತಕ್ಕೆ ಚಿಕಿತ್ಸೆ ಬೇಕಾದದ್ದೂ ಕಡಿಮೆ ತಿಂದವುಗಳಿಗೆ ತಡವಾಗಿ. ಕೊಡಗಿನ ಮನೆಗಳಲ್ಲಿ ಹಂದಿಮಾಂಸದ ಕೊಬ್ಬು ನಾಯಿಯ ಪಾಲಿಗೇ ಬೀಳುವುದರಿಂದ ಈ ಮಾತು ಇಲ್ಲಿಗೆ ಹೆಚ್ಚು ಸಲ್ಲುತ್ತದೆ. ಒತ್ತದೆಯೇ ಪಕ್ಕೆಲುಬು ಕೈಗೆ ಸಿಗಬೇಕು, ಮೇಲಿಂದ ನೋಡಿದರೆ ಸೊಂಟ ಕಾಣಬೇಕು.

ಕುಂಟುವ ನಾಯಿಯನ್ನು ದಿನವಿಡೀ ಸರಪಳಿಯಲ್ಲಿ ಕಟ್ಟಿಹಾಕುವುದು ತಪ್ಪು ಕ್ರಮ. ಬಳಸದ ಸ್ನಾಯು ಸೊರಗಿ ಕೀಲಿನ ಮೇಲಿನ ಭಾರ ಹೆಚ್ಚುತ್ತದೆ. ಕಟ್ಟು ಬಿಚ್ಚಿದೊಡನೆ ಅದು ಹುಚ್ಚಾಗಿ ಓಡಿ ಮತ್ತೆ ಪೆಟ್ಟು ಮಾಡಿಕೊಳ್ಳುತ್ತದೆ. ನೋವು ತಗ್ಗಿದ ಮೇಲೆ, ವೈದ್ಯರ ಒಪ್ಪಿಗೆ ಪಡೆದು, ಹಗ್ಗ ಹಿಡಿದು ಸಮನೆಲದಲ್ಲಿ ದಿನಕ್ಕೆ ಮೂರು ಬಾರಿ ಹತ್ತು ಹತ್ತು ನಿಮಿಷ ನಡೆಸುವುದರಿಂದ ಆರಂಭಿಸಬಹುದು. ವಾರಕ್ಕೆ ಐದು ನಿಮಿಷದಂತೆ ಏರಿಸುತ್ತಾ, ಮಾರನೆಯ ಬೆಳಿಗ್ಗೆ ಬಿಗಿತ ಹೆಚ್ಚಿದರೆ ಹಿಂದಿನ ವಾರದ ಅಳತೆಗೆ ಇಳಿಸಬೇಕು. ಒಂದು ಪುಸ್ತಕದಲ್ಲಿ ದಿನವೂ ಬರೆದಿಟ್ಟರೆ ವೈದ್ಯರಿಗೂ ಉಪಯೋಗ. ಚೆಂಡೆಸೆದು ಓಡಿಸುವುದು, ಜೀಪಿನ ಹಿಂಬದಿಯಿಂದ ಹಾರಿಸುವುದು ಬೇಡ. ಎತ್ತಿ ಇಳಿಸಬೇಕು ಅಥವಾ ಹಲಗೆ ಇಡಬೇಕು. ಈಜು ಒಳ್ಳೆಯ ವ್ಯಾಯಾಮ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾವೇರಿ, ಕನ್ನಿಕೆಯ ನೀರಿಗೆ ಇಳಿಸುವುದು ಅಪಾಯ. ಬೇಸಿಗೆಯಲ್ಲಿ ತೋಟದ ಕೆರೆಯೇ ಲೇಸು.

ನುಣುಪಾದ ಗಾರೆ ನೆಲದಲ್ಲಿ ಕಾಲು ಜಾರುವುದರಿಂದ ನಾಯಿ ಓಡಾಡುವೆಡೆ ಗೋಣಿತಾಟು ಹಾಸಬೇಕು, ಉಗುರು ಕತ್ತರಿಸಬೇಕು. ಮಳೆಗಾಲದಲ್ಲಿ ನೆಲದಿಂದ ಅರ್ಧ ಅಡಿ ಎತ್ತರದ ಹಲಗೆಯ ಮೇಲೆ ಒಣಗಿದ ಗೋಣಿಚೀಲ ಹಾಕಿ, ತೋಯ್ದಾಗಲೆಲ್ಲ ಬದಲಿಸಬೇಕು.

ಸೊಂಟದ ಕೀಲಿನ ದೋಷವಿರುವ ನಾಯಿಯಿಂದ, ಅದು ಎಷ್ಟೇ ಚೆಂದದ ಕಾವಲುಗಾರನಾಗಿದ್ದರೂ, ಮರಿ ಪಡೆಯಬಾರದು. ಹೊಸ ಮರಿ ತರುವವರು ತಾಯಿ ತಂದೆ ನಡೆಯುವುದನ್ನು ಕಣ್ಣಾರೆ ನೋಡಬೇಕು. ಸಾಧ್ಯವಾದರೆ ಅವುಗಳ ಸೊಂಟದ ಎಕ್ಸ್‌ರೇ ಕೇಳಬೇಕು.