ಡಿ.ಎನ್.ಎ. ಗುರುತು ಹೇಗೆ ಹೇಳುತ್ತದೆ?

ಕೂಸನ್ನು ನೋಡಿದವರು "ಮೂಗು ಥೇಟ್ ಅಪ್ಪನದೇ" ಅಂತಾರೆ. ಮೂಗು ಸಾಕ್ಷಿ ಆಗೋದಿಲ್ಲ, ಡಿ.ಎನ್.ಎ. ಆಗುತ್ತದೆ. ಅದು ನಮ್ಮ ಜೀವಕೋಶಗಳೊಳಗಿನ ಉದ್ದನೆಯ ಎಳೆ. ಅದರ ಕೆಲವು ಜಾಗಗಳಲ್ಲಿ ಒಂದೇ ಚಿಕ್ಕ ತುಣುಕು ಮತ್ತೆ ಮತ್ತೆ ಬರುತ್ತದೆ. ಎಷ್ಟು ಸಲ ಎಂಬುದು ಎಲ್ಲರಲ್ಲೂ ಒಂದೇ ಅಲ್ಲ. ಪ್ರತಿ ಜಾಗಕ್ಕೂ ಎರಡು ಎಣಿಕೆ, ಒಂದು ಅವ್ವನದು, ಇನ್ನೊಂದು ಅಪ್ಪನದು. ಕೂಸಿನದು 9 ಮತ್ತು 14, ಅವ್ವನದು 9 ಮತ್ತು 11 ಇದ್ದರೆ ಆ 14 ಅಪ್ಪನಿಂದಲೇ ಬಂದಿರಬೇಕು. ಒಂದು ಜಾಗ ಹೊಂದಿದರೆ ಸಾಲದು (ಊರಲ್ಲಿ ಎಷ್ಟೋ ಮಂದಿಗೆ 14 ಇರಬಹುದು!), ಹದಿನೈದಿಪ್ಪತ್ತು ಜಾಗ ನೋಡುತ್ತಾರೆ. 1984ರಲ್ಲಿ ಇದಕ್ಕೆ ದಾರಿ ತೋರಿದವರು ಇಂಗ್ಲೆಂಡಿನ ಅಲೆಕ್ ಜೆಫ್ರೀಸ್.

ಇದೇ ಲೆಕ್ಕದಿಂದ ಸತ್ತವರ ಗುರುತೂ ಸಿಗುತ್ತದೆ. 22-5-2010ರಂದು ದುಬೈಯಿಂದ ಬಂದ ವಿಮಾನ ಮಂಗಳೂರಿನಲ್ಲಿ ಬಿದ್ದು 158 ಜನ ತೀರಿಕೊಂಡರು. ಸುಟ್ಟ ಮುಖಗಳು ಗುರುತು ಸಿಗದಂತಾಗಿದ್ದವು. ಆದರೂ ಹೆಚ್ಚಿನ ದೇಹಗಳನ್ನು ಮನೆಯವರು ಗುರುತಿಸಿ ಒಯ್ದರು. ಉಳಿದ 22 ದೇಹಗಳ ಮಾದರಿ, ಜೊತೆಗೆ ಬಂಧುಗಳ ರಕ್ತ, ನಮಗೆ ಹತ್ತಿರದ ಹೈದರಾಬಾದಿನ ಪ್ರಯೋಗಾಲಯಕ್ಕೆ ಹೋದವು. 10 ಗುರುತಾದವು. 12 ಯಾರ ರಕ್ತಕ್ಕೂ ಹೊಂದಲಿಲ್ಲ. ಮೊದಲು ಒಯ್ದವುಗಳಲ್ಲೇ ಕೆಲವು ಅದಲುಬದಲಾಗಿರಬೇಕು. ಆ 12 ದೇಹಗಳನ್ನು ಕೂಳೂರಿನಲ್ಲಿ ಹೊಳೆಯ ದಂಡೆಗೆ ಮಣ್ಣು ಮಾಡಿದರು.