ಹುಲಿ ಸವಾರಿಯ ಕತೆ ಕೇಳಿದವರಿಗೆ ಹಾರುವ ಓತಿ ಕಷ್ಟವೇ?

ವಿಜ್ಞಾನ ಕಾದಂಬರಿ, ಅದ್ಭುತ ಲೋಕದ ಕಾದಂಬರಿ ಎಂದರೆ ‘ಅವೆಲ್ಲ ಇಂಗ್ಲಿಷಿನೋರದು’ ಎಂದು ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಹುಡುಗ ಹುಡುಗಿಯರು ಹಿಂಜರಿಯಬೇಕಿಲ್ಲ. ಮಾದಪ್ಪ ಹುಲಿಯೇರಿ ಬರುವುದನ್ನು, ಶ್ರವಣ ದೊರೆಯ ಸೊಕ್ಕು ಮುರಿಯುವುದನ್ನು ಕಂಸಾಳೆಯವರ ಬಾಯಲ್ಲೂ, ಸಿದ್ಧಪ್ಪಾಜಿಯ ಪವಾಡಗಳನ್ನು ನೀಲಗಾರರ ಬಾಯಲ್ಲೂ ರಾತ್ರಿಯಿಡೀ ಕೇಳಿದ ಸೀಮೆ ನಿಮ್ಮದು.

ಶುರುವಿಗೆ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಹಿಡಿಯಿರಿ. ಅದು ಅಪ್ಪಟ ವಿಜ್ಞಾನ ಕಾದಂಬರಿಯಲ್ಲ ಎಂದು ವಾದಿಸುವವರಿದ್ದಾರೆ, ವಾದಿಸಲಿ ಬಿಡಿ. ಮೂಡಿಗೆರೆಯ ಸೊಸೈಟಿಗೆ ಜೇನುತುಪ್ಪ ಕೊಳ್ಳಲು ಹೋದವನ ಕತೆ, ಯುಗಯುಗಾಂತರದ ಹಾರುವ ಓತಿಯ ಬೆನ್ನು ಹತ್ತುವಷ್ಟರಲ್ಲಿ ನೀವೂ ಕತೆಯೊಳಗಿನ ಮಂದಣ್ಣನ ಜೊತೆ ಕಾಡು ಹೊಕ್ಕಿರುತ್ತೀರಿ. ಕೊನೆಗೆ ಏನಾಗುತ್ತದೆ ಎಂದು ಯಾರನ್ನೂ ಕೇಳಬೇಡಿ.

ಆಮೇಲೆ ರಾಜಶೇಖರ ಭೂಸನೂರಮಠ, ಮನು ಅವರ ವಿಜ್ಞಾನ ಕತೆಗಳಿಗೆ ಕೈ ಹಾಕಿ. ವಿಜ್ಞಾನದ ಮಾತು ತೊಡಕೆನಿಸಿದರೆ ಅಲ್ಲೇ ಕೂರಬೇಡಿ. ಮುಂದೆ ಓದಿ, ಕತೆಯೇ ಬಿಡಿಸಿ ಹೇಳುತ್ತದೆ. ಗ್ರಂಥಾಲಯದಲ್ಲಿ ಇಂಥ ಪುಸ್ತಕಗಳಿಗೆಂದೇ ಬೇರೆ ಕಪಾಟು ಇರುವುದು ಅಪರೂಪ, ಸಾಮಾಜಿಕ ಕಾದಂಬರಿಗಳ ನಡುವೆಯೇ ಸೇರಿಕೊಂಡಿರುತ್ತವೆ. ಹಾಗಾಗಿ ಲೇಖಕರ ಹೆಸರು ಹಿಡಿದು ಹುಡುಕಿ. ಸಿಗದಿದ್ದರೆ ತರಿಸಿಕೊಡಿ ಎಂದು ಗ್ರಂಥಪಾಲಕರನ್ನು ಕೇಳಿ. ಒಬ್ಬರೇ ಕೇಳುವುದಕ್ಕಿಂತ ನಾಲ್ಕು ಜನ ಕೂಡಿ ಕೇಳಿ.